ಬಡಿದು ನೋಡಿದ ಬಿದಿರು

ಮಡಕೆ ಮಾಡಲು ಕಲಿಸುವ ಶಾಲೆಯ ಮೇಡಂ ಪೊಟ್ಟಣ ವಾಪಸ್ ಕಳಿಸಿದ ದಿನದಿಂದ ಸೊಸೆಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಪೊಟ್ಟಣದಲ್ಲಿದ್ದದ್ದು ಇವರ ಮನೆಯಲ್ಲೇ ಕೆತ್ತಿದ ಬಿದಿರಿನ ಸಾಮಾನು: ಮಡಕೆಯ ಅಂಚು ತಿದ್ದುವ ಚಾಕು, ತಿಗರಿ ತಿರುಗುವಾಗ ಹಸಿಮಣ್ಣಿಗೆ ಒತ್ತಿ ಹಿಡಿದು ನಯ ಮಾಡುವ ಬಿಲ್ಲೆ, ಗೆರೆ ಎಳೆಯುವ ಕಡ್ಡಿ. ಎಲ್ಲದಕ್ಕೂ ಸೂಜಿಯಲ್ಲಿ ಚುಚ್ಚಿದಂಥ ತೂತು. ಮೇಜಿನ ಮೇಲೆ ತಟ್ಟಿದರೆ ಹಿಟ್ಟಿನಂಥ ಪುಡಿ ಉದುರಿತು. ಕುಟ್ಟೆ ಹುಳ!

"ಇನ್ನೊಂದು ಸಲ ಹೀಗಾದ್ರೆ ನಾವೂ ಪ್ಲಾಸ್ಟಿಕ್ಕಿಗೆ ಹೋಗ್ತೀವಿ. ಬೇಜಾರು ಮಾಡ್ಕೋಬೇಡಿ" ಎಂದು ಮೇಡಂ ಫೋನಿನಲ್ಲಿ ಮೆತ್ತಗೆ ಹೇಳಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಉಳಿದ ಗಿರಾಕಿಗಳೆಲ್ಲ ಆಗಲೇ ಕೈಬಿಟ್ಟಿದ್ದರು. ಈ ಶಾಲೆಯೂ ಹೋದರೆ ಮನೆಯ ಹಿಂದಿನ ಕೆಲಸದ ಕೋಣೆಗೆ ಬೀಗವೇ ಗತಿ. ಬೆಳಗಾದರೆ ಆ ಕೋಣೆಗೆ ಹೋಗಿ ಕೂರದ ಅತ್ತೆಯನ್ನು ಸೊಸೆಗೆ ಕಲ್ಪಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಎಳೆ ಬಿದಿರಿನಲ್ಲಿ ಸಿಹಿ ಜಾಸ್ತಿ, ಅದು ಹುಳಕ್ಕೆ ಮದುವೆ ಊಟ. ಚೆನ್ನಾಗಿ ಬಲಿತದ್ದನ್ನೇ ಕಡಿಸಬೇಕು. ಆರಿಸುವ ಕೆಲಸ ಅತ್ತೆಯದು. ಮಚ್ಚಿನ ಬೆನ್ನಿನಿಂದ ಬಡಿದು, ಕಿವಿಗೊಟ್ಟು, "ಹಾಕು" ಅಂದರೆ ಸೊಸೆ ಸೀಮೆಸುಣ್ಣದಲ್ಲಿ ಗೆರೆ ಹಾಕಬೇಕು. "ಬಿಡು" ಅಂದರೆ ಬಿಡಬೇಕು. ಬಲಿತದ್ದು ಠಣ್ ಅನ್ನುತ್ತದೆ, ಎಳೆಯದು ದೊಬ್ ಅನ್ನುತ್ತದೆ. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಇಷ್ಟನ್ನು ಹೇಳಿಕೊಟ್ಟಿದ್ದರು. ಆಮೇಲೆ ಸೊಸೆ ಕಿವಿಗೆ ಕೆಲಸ ಕೊಡುವುದನ್ನೇ ಬಿಟ್ಟಿದ್ದಳು. ಅತ್ತೆ ಇರುವಾಗ ತನಗೇಕೆ ಆ ತಾಪತ್ರಯ? ಅತ್ತೆ ಬಡಿದಾಗಲೆಲ್ಲ ಕೋಲೆಬಸವನ ಹಾಗೆ ತಲೆ ಆಡಿಸುವುದಷ್ಟೇ ಅವಳ ಪಾಲಿನ ಕೆಲಸವಾಗಿತ್ತು.

ಈಗ ಅವಳಿಗೆ ಹೆದರಿಕೆ ಶುರುವಾದದ್ದು ಅತ್ತೆಯ ಕಿವಿಯ ಬಗ್ಗೆಯೇ. ಟಿವಿ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು. ಬೆನ್ನ ಹಿಂದಿನಿಂದ ಕರೆದರೆ ಉತ್ತರವಿಲ್ಲ. ಕೇಳಿದರೆ, "ನೀವೆಲ್ಲ ಗುಸುಗುಸು ಅಂದ್ರೆ ಯಾರಿಗೆ ಕೇಳ್ಸುತ್ತೆ?" ಎಂದು ಜಗಳ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಹತ್ತಿರ ವಿಷಯ ತೆಗೆದರೆ, "ಅಮ್ಮನ ಕಿವಿ ಕೆಟ್ಟಿದೆ ಅಂತ ಅಮ್ಮನಿಗೆ ನೀನೇ ಹೇಳು ಮಾರಾಯ್ತಿ. ನನಗಿನ್ನೂ ಬದುಕೋ ಆಸೆ ಇದೆ" ಎಂದು ನಕ್ಕು ಕೆಲಸಕ್ಕೆ ಹೊರಟುಬಿಟ್ಟ. ಗಂಡಸರಿಗೆ ಇಂಥ ಹೊತ್ತಿನಲ್ಲೇ ಡ್ಯೂಟಿ ನೆನಪಾಗುವುದು. ಸೊಸೆಗೆ ಮಾತ್ರ ಅದು ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಈ ವರ್ಷದ ಬಿದಿರು ಆರಿಸಲು ಅತ್ತೆ, ಸೊಸೆ ಹೋದ ಮೆಳೆ ಇದ್ದದ್ದು ಊರಾಚೆ, ಇಟ್ಟಿಗೆ ಗೂಡಿನ ಹಿಂದೆ. ಗೂಡಿನ ಕೆಂಧೂಳು ಕೂತು ಎಳೆಯದೂ ಬಲಿತದ್ದೂ ಒಂದೇ ಬಣ್ಣವಾಗಿತ್ತು. ಅಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ, ಕಿವಿಯೇ ಬೇಕು. ಕಡಿಯುವವನು ಕೊಡಲಿ ಪಕ್ಕದಲ್ಲಿಟ್ಟುಕೊಂಡು ಬೀಡಿ ಸೇದುತ್ತಾ, "ನೀವು ಗುರುತು ಹಾಕ್ಕೊಂಡು ಹೋಗಿ ಅಜ್ಜಿ, ನಾನು ಹಿಂದೆ ಬರ್ತೀನಿ" ಎಂದ.

ಅತ್ತೆ ಬಡಿದರು. "ಹಾಕು." ಸೊಸೆ ಹಾಕಿದಳು. ಮತ್ತೆ ಬಡಿದರು. "ಹಾಕು." ಹಾಕಿದಳು. ಮೂರನೆಯದನ್ನು ಬಡಿದಾಗ ಎಂದಿನಂತೆ ತಲೆ ಆಡಿಸಿದ ಮೇಲೆ ಸದ್ದು ಅವಳಿಗೆ ತಟ್ಟಿತು. ಹಸಿಮಣ್ಣಿಗೆ ಗುದ್ದಿದ ಹಾಗೆ ದೊಬ್ ಅಂದಿತ್ತು ಅದು. "ಹಾಕು" ಅಂದರು ಅತ್ತೆ. ಸೊಸೆಯ ಕೈ ಗೆರೆ ಎಳೆಯಿತು, ಬೇಡ ಅನ್ನಲು ಬಾಯಿ ಮಾತ್ರ ಬರಲಿಲ್ಲ. ಹಿರಿಯರು, ಬಿದಿರಿನಲ್ಲೇ ಕೂದಲು ಹಣ್ಣಾದವರು. ತನ್ನ ಕಿವಿಯೇ ಮೋಸ ಹೋಗಿರಬಹುದಲ್ಲ?

ತನ್ನ ಮುಖದಲ್ಲಿ ಅನುಮಾನ ಕಂಡರೆ ಅತ್ತೆ ನೊಂದುಕೊಳ್ಳುತ್ತಾರೆ ಎಂದು ಅವಳು ಮೆಲ್ಲಗೆ ಅವರ ಬೆನ್ನ ಹಿಂದೆ ಹೋಗಿ ನಿಂತಳು. ಅತ್ತೆ ಮುಂದಿನದನ್ನು ಬಡಿದರು. ಹಾಕು ಅನ್ನಲಿಲ್ಲ, ಬಿಡು ಅನ್ನಲಿಲ್ಲ. ಇನ್ನೊಮ್ಮೆ ಬಡಿದರು. ಆಮೇಲೆ ಪೂರ್ತಿ ತಿರುಗಿ, "ಹಿಂದೆ ಯಾಕೆ ಹೋಗಿ ನಿಂತೆ? ಮುಂದೆ ಬಾ" ಎಂದು ರೇಗಿದರು.

ಸೊಸೆ ಮುಂದೆ ಬಂದಳು. ಅತ್ತೆ ಬಡಿದರು. ಆಗ ಅವಳು ಕಂಡದ್ದಿಷ್ಟು: ಅತ್ತೆಯ ಕಣ್ಣು ಬಿದಿರಿನ ಮೇಲಿರಲಿಲ್ಲ, ತನ್ನ ಮುಖದ ಮೇಲಿತ್ತು. ಅಭ್ಯಾಸಬಲದಿಂದ ಅವಳ ತಲೆ ಆಡಿತು. "ಹಾಕು" ಅಂದರು ಅತ್ತೆ.

ಮುಂದಿನದು ಗಂಟೆ ಹೊಡೆದ ಹಾಗೆ ಠಣ್ ಅಂದಿತು. ಸೊಸೆ ಬೇಕೆಂದೇ ಹುಬ್ಬು ಗಂಟಿಕ್ಕಿದಳು.

"ಬಿಡು" ಅಂದರು ಅತ್ತೆ.

ಸೊಸೆ ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಅದುಮಿ ಹಿಡಿದಳು. ಹಾಗಾದರೆ ಹುಳ ಹಿಡಿದ ಹೋದ ವರ್ಷದ ಬಿದಿರನ್ನು ಆರಿಸಿದ್ದು ಯಾರು? ಅತ್ತೆ ಸೊಸೆಯ ಮುಖ ನೋಡಿದ್ದರು, ಸೊಸೆ ಅತ್ತೆಯ ಬಾಯಿ ನೋಡಿದ್ದಳು, ಬಿದಿರಿನ ಮಾತು ಕೇಳಿಸಿಕೊಂಡವರೇ ಇರಲಿಲ್ಲ. ಆ ಪುಡಿಯಾದ ಚಾಕು, ಬಿಲ್ಲೆ ಎಲ್ಲಕ್ಕೂ ತಲೆ ಆಡಿಸಿದವಳು ತಾನೇ. ಅವಳಿಗೆ ಅತ್ತೆಯ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು, ಅಳುವೂ ಬಂತು.

ಅಷ್ಟರಲ್ಲಿ ಕಡಿಯುವವನು ಎದ್ದು ಬಂದು, ದೊಬ್ ಅಂದಿದ್ದ ಆ ಬಿದಿರಿನ ಬುಡಕ್ಕೆ ಕೊಡಲಿ ಎತ್ತಿದ.

"ತಡೀರಿ! ಅದು ಬೇಡ!"

ಕೊಡಲಿ ಮೇಲೆಯೇ ನಿಂತಿತು. "ಯಾಕಮ್ಮ? ಗುರುತು ಇದೆಯಲ್ಲ."

"ಇದೆ. ಆದ್ರೂ ಬೇಡ."

"ಅಜ್ಜಿ ಬಡಿದು ನೋಡಿ ಹೇಳಿದ್ದು ತಪ್ಪಾ? ನನ್ನ ಅಪ್ಪನ ಕಾಲದಿಂದ ಅವರು ಆರಿಸಿದ್ದನ್ನ ಕಡೀತಾ ಇದ್ದೀವಿ. ನೀವು ಯಾವಾಗಿಂದ ಬಿದಿರು ನೋಡೋಕೆ ಶುರು ಮಾಡಿದ್ರಿ?" ಅವನು ಹಲ್ಲು ಬಿಟ್ಟ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ನೆ ಹೇಳಿಲ್ಲ ಬಿಡಿ."

ನಿಜ ಹೇಳಿದರೆ ಅತ್ತೆಯ ಮರ್ಯಾದೆ ಈ ಮೆಳೆಯಲ್ಲೇ ಮಣ್ಣುಪಾಲು, ನಾಳೆ ಊರಿಗೆಲ್ಲ ಸುದ್ದಿ. ಹೇಳದಿದ್ದರೆ ಕೊಡಲಿ ಬೀಳುತ್ತದೆ. ಕಡಿದ ಬಿದಿರನ್ನು ಬುಡಕ್ಕೆ ಅಂಟಿಸಲು ಬರುವುದಿಲ್ಲ. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಒಮ್ಮೆ ಅವನ ತುಟಿಯನ್ನು, ಒಮ್ಮೆ ಇವಳ ತುಟಿಯನ್ನು ನೋಡುತ್ತಿದ್ದರು.

"ನನಗೇ ಏನೋ... ನನಗೇ ಅನುಮಾನ. ತಪ್ಪಿ ಗೆರೆ ಹಾಕಿಬಿಟ್ಟೆ" ಎಂದು ಸೊಸೆ ತಡವರಿಸಿದಳು.

"ಏನಂದೆ?" ಅಂದರು ಅತ್ತೆ.

ಸೊಸೆಯ ಕಣ್ಣು ತುಂಬಿತ್ತು. ಅತ್ತೆ ಆ ಮುಖವನ್ನು ಬಹಳ ಹೊತ್ತು ನೋಡಿದರು. ಇಷ್ಟು ಕಾಲ ಓದಿದ ಮುಖ, ಇದನ್ನೂ ಓದಿಕೊಂಡಿರಬೇಕು. ಕಡಿಯುವವನ ಕಡೆ ತಿರುಗಿ, ಕಿವುಡರು ಮಾತಾಡುವ ಹಾಗೆ, ಮೆಳೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಅವಳನ್ನೇ ಕೇಳಪ್ಪ. ನನಗೆ ಕಿವಿ ಕೇಳ್ಸಲ್ಲ."

ಅವನು ಕೊಡಲಿ ಕೆಳಗಿಳಿಸಿದ. ಹಲ್ಲು ಬಿಡಲಿಲ್ಲ.

"ಅತ್ತೆ, ಯಾವಾಗಿಂದ..."

"ಅದೆಲ್ಲ ಆಮೇಲೆ" ಎಂದು ಅತ್ತೆ ಮಚ್ಚನ್ನು ಅವಳ ಕೈಗೆ ತುರುಕಿದರು. "ಮೊದ್ಲಿಂದ ಬಡಿ. ತಲೆ ಆಡಿಸ್ಬೇಡ. ಬಾಯಿ ಬಿಟ್ಟು ಹೇಳು, ನಾನು ತುಟಿ ನೋಡ್ಕೋತೀನಿ."

ಸೊಸೆ ಗೆರೆ ಹಾಕಿದ್ದ ಮೊದಲನೆಯದನ್ನೇ ಬಡಿದಳು. ಗೂಡಿನ ಕಡೆ ಲಾರಿಯೊಂದು ಗುರುಗುಟ್ಟುತ್ತಿತ್ತು, ತನ್ನ ಎದೆಯ ಸದ್ದೇ ಅದಕ್ಕಿಂತ ಜೋರಾಗಿತ್ತು. ಇನ್ನೊಮ್ಮೆ ಬಡಿದಳು. ಕೇಳಿದಳು.

"ಬೇಡ ಅತ್ತೆ" ಎಂದಳು, ಒಂದೊಂದು ಅಕ್ಷರವನ್ನೂ ಬಿಡಿಸಿ.

ಅತ್ತೆ ಸೆರಗಿನ ತುದಿಯಿಂದ ಆ ಗೆರೆಯನ್ನು ಒರೆಸಿ ಹಾಕಿದರು.