ಸಮಪಂಕ್ತಿಗೆ ಬಂದ ಮಾರಕ್ಕ

"ಹೆಣಕ್ಕೇನ್ ಅವಸರಾಡೀ? ಪೊಳ್ಳಾಚಿ ಬಸ್ ತಪ್ಪೋಗ್ತದಾ ನಿಮ್ಮತ್ತೇಗೆ?"

ಸುಬ್ಬಯ್ಯನ್ ಗೌಂಡರು ತಮ್ಮ ಮಾತಿಗೆ ತಾವೇ ನಕ್ಕರು. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಮಾರಿಗುಡಿಯ ಪೂಜಾರಿಯೂ ನಕ್ಕ. ಗೇಟಿನ ಹೊರಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಈಶ್ವರಿ ನಗಲಿಲ್ಲ. ಅವಳ ಅತ್ತೆ ಮಾರಕ್ಕ ಹಿಂದಿನ ಸಂಜೆ ಸತ್ತಿದ್ದಳು.

"ವಾಯ್ಕಾಲ್ನಾಗೆ ನೀರ್ ಬಿಟ್ಟವ್ರೆ ಸಾಮಿ. ನಮ್ ದಾರಿ ಎದೆಮಟ್ಟ ಮುಳುಗದೆ. ಇದೊಂದ್ ಕಿತ ಗುಡಿ ಬೀದೀಲಿ ಹೋಗಾಕ್ ಬಿಡ್ರಿ."

ಕೇರಿಯ ಹೆಣಗಳು ಊರಬೀದಿಯಲ್ಲಿ ಹೋಗುವಂತಿರಲಿಲ್ಲ. ಕಾಲುವೆಯ ಪಕ್ಕದ ತಗ್ಗಿನಲ್ಲಿ ಜಾಲಿಮುಳ್ಳು ಸರಿಸಿಕೊಂಡು, ಊರನ್ನು ಪೂರ್ತಿ ಸುತ್ತಿ ಸುಡುಗಾಡು ಸೇರಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿದ್ದರೆ ಯಾರಾದರೂ ಅಳಿಸಿಯಾದರೂ ಹಾಕುತ್ತಿದ್ದರು.

"ಇವತ್ತು ಏನ್ ದಿನ ಗೊತ್ತಾ? ಸುದಂತ್ರ ದಿನ. ಗುಡಿ ಮುಂದೆ ಸಮಪಂಕ್ತಿ ಊಟ. ಸಬ್ ಕಲೆಕ್ಟರು ಬರ್ತಾರೆ. ಮನುಷ್ಯರೆಲ್ಲಾ ಒಂದೇ ಅಂತ ಹೇಳಾಕೆ ಕೋಯಮತ್ತೂರಿಂದ ಸ್ವಾಮೀನ ಕರೆಸ್ತಿದೀನಿ. ಅದೇ ಬೀದೀಲಿ ನಿಮ್ ಹೆಣ ತಂದ್ರೆ?"

"ಎಲ್ಲಾ ಒಂದೇ ಅಂದ್ಮೇಲೆ ಅವಳೂ ಒಂದ್ ಪಕ್ಕ ಹೋಗ್ತಾಳೆ ಬಿಡೀಂಗೋ."

"ಬಾಯ್ ಮುಚ್ಚಡೀ ಬೋಸುಡಿ! ನಾಳೆ ನೀರ್ ಇಳೀತದೆ. ಆಗ ಹೊತ್ಕೊಂಡ್ ಹೋಗ್ರಿ." ಗೌಂಡರು ಪೇಪರು ಮಡಚಿದರು. ಆಮೇಲೆ ಏನೋ ನೆನಪಾದವರಂತೆ, "ನಿಮ್ ಕಡೆಯಿಂದ ಹತ್ತ್ ಜನ ಪಂಕ್ತೀಗೆ ಬರಬೇಕು. ತಲೆಗೆ ನೀರ್ ಹಾಕ್ಕೊಂಡ್ ಬರ್ರಿ. ನೀನೂ ಬಾ, ನಿಂಗೆ ಮುಖಲಕ್ಷಣ ಅದೆ. ಪೋಟೋಗೆ ಸರಿಯಾಗ್ತದೆ" ಎಂದರು.

"ನಂಗೆ ಸಾವಿನ ಸೂತಕ."

ಗೌಂಡರು ಪೂಜಾರಿಯ ಮುಖ ನೋಡಿದರು. ಪೂಜಾರಿ ಕಾಫಿಲೋಟವನ್ನು ಕೆಳಗಿಟ್ಟು ಶಾಸ್ತ್ರ ಹೇಳಿದ: "ಸರ್ಕಾರಿ ಊಟಕ್ಕೆ ಸೂತಕ ಇಲ್ಲಮ್ಮಾ."

*

ಕೇರಿಯ ಬೇವಿನ ಮರದ ಕೆಳಗೆ ಮಾರಕ್ಕ ಕೂತಿದ್ದಳು. ಇವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಜೀವ ಹೋದ ಕೂಡಲೇ, ಮೈ ಬಿಗಿಯುವ ಮೊದಲೇ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿ ಕಟ್ಟುತ್ತಾರೆ. ಕೂರಿಸಿಯೇ ಹೊರುತ್ತಾರೆ, ಕೂರಿಸಿಯೇ ಹೂಳುತ್ತಾರೆ. ಬದುಕಿದ್ದಾಗ ಯಾರ ಮುಂದೆಯೂ ಕೂರದ ಜನ, ಸತ್ತ ಮೇಲೆ ಮಣ್ಣಿನೊಳಗೂ ಕೂತೇ ಇರುತ್ತಾರೆ. ಬಿಗಿತ ಒಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಬಿಸಿಲಿದ್ದರೆ ಇನ್ನೂ ಬೇಗ ಸಡಿಲುತ್ತದೆ. ನಾಳೆಯವರೆಗೆ ಇಟ್ಟರೆ ಮುದುಕಿ ಮೂಟೆಯಂತೆ ಕುಸಿಯುತ್ತಾಳೆ, ಹೊಟ್ಟೆ ಒಡೆಯುತ್ತದೆ. ಆಗಲೇ ನೊಣ ಮುತ್ತದಂತೆ ಪಕ್ಕದ ಮನೆಯ ಕಲಾ ಅವಳ ಮುಖದ ಮೇಲೆ ಸೆರಗು ಇಳಿಬಿಟ್ಟು, ಸೇವಂತಿಗೆ ಹಾರದಿಂದ ಒತ್ತಿಟ್ಟಿದ್ದಳು.

"ಏನಂದ್ರು?" ಈಶ್ವರಿಯ ಗಂಡ ಕುಪ್ಪಸಾಮಿ ಕೇಳಿದ.

"ಹೆಣ ನಾಳೆ. ಊಟ ಇವತ್ತು."

"ಅವರವ್ವನ್… ನಡೀರಿ, ಈಗ್ಲೇ ಎತ್ತಾನ."

"ಹೋದ್ ಸಲ ಎತ್ತಿ ಏನಾಯ್ತು?" ಎಂದಳು ಕಲಾ. ಹೋದ ಸಲ ಅವಳ ಅಣ್ಣನ ಹೆಣವನ್ನು ಬೀದಿಯ ತಿರುವಿಗೆ ತಂದಾಗ ಬೈಕುಗಳಲ್ಲಿ ಊರಿನ ಹುಡುಗರು ಬಂದಿದ್ದರು. ಕಲ್ಲು ಬಿದ್ದು ಹೊತ್ತವರು ಓಡಿದ್ದರು. ಅಣ್ಣ ಒಬ್ಬನೇ ರಸ್ತೆಯ ನಡುವೆ ಕೂತಿದ್ದ.

ಈಶ್ವರಿ ಕೊಡದ ನೀರನ್ನು ತಲೆಯ ಮೇಲೆ ಸುರಿದುಕೊಂಡಳು. ಕೂದಲು ಹಿಂಡುತ್ತ ಹೇಳಿದಳು.

"ಆಪೀಸರ್ ಎಲೆ ಮುಂದೆ ಕೂತಿರೋಗಂಟ ಒಬ್ಬ ಸೂಳೆಮಗನೂ ಕಲ್ಲು ಎತ್ತಲ್ಲ. ಊರ್ತುಂಬಾ ಕ್ಯಾಮರಾ. ಮೈಕಿನಾಗೆ ಭಾಷಣ ನಿಂತ ಕೂಡ್ಲೇ ಹೊರಡ್ರಿ. ತಮಟೆ ಬಡೀಬ್ಯಾಡ್ರಿ. ಸುಮ್ಕೆ ಬರ್ರಿ."

"ನೀನು?"

"ನಾನು ಉಣ್ಣಾಕೆ ಹೋಗ್ತೀನಿ. ಅವರೇ ಕರದವ್ರೆ."

*

ಗುಡಿಯ ಮುಂದೆ ಶಾಮಿಯಾನ. ಅದರ ನೆತ್ತಿಯಲ್ಲಿ 'ಎಲ್ಲರೂ ಒಂದೇ ಪಂಕ್ತಿ' ಎಂದು ತಮಿಳಿನ ಬ್ಯಾನರು. ಅಕ್ಷರಗಳಿಗಿಂತ ಗೌಂಡರ ಫೋಟೋ ದೊಡ್ಡದಿತ್ತು. ಸ್ವಾಮಿ ಮೈಕು ಹಿಡಿದು ಬಹಳ ಹೊತ್ತು ಮಾತಾಡಿದರು. ದೇಹ ಬರೀ ಅಂಗಿ, ಒಳಗಿನ ಆತ್ಮ ಒಂದೇ, ಅಂಗಿ ಕಳಚಿದ ಮೇಲೆ ಮೇಲು ಯಾರು ಕೀಳು ಯಾರು ಎಂದು ಕೇಳಿದರು. ಕೇರಿಯಲ್ಲಿ ಅಂಗಿ ಕಳಚಿ ಕೂತವಳೊಬ್ಬಳಿದ್ದಾಳೆ, ಅವಳಿಗೆ ದಾರಿ ಕೊಡದವರು ನಿಮ್ಮ ಪಕ್ಕದಲ್ಲೇ ಇದ್ದಾರೆ ಎಂಬ ಉತ್ತರ ಈಶ್ವರಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪ್ರಶ್ನೆ ಅವಳನ್ನು ಕೇಳಿದ್ದಲ್ಲ.

ಕೇರಿಯವರು ಒಬ್ಬರು, ಊರಿನವರು ಒಬ್ಬರು ಎಂದು ಹೂ ಕಟ್ಟಿದಂತೆ ಕೂರಿಸಿದರು. ಈಶ್ವರಿಯ ಎಡಕ್ಕೆ ಅಧಿಕಾರಿ. ಚೆನ್ನೈ ಕಡೆಯ ಯುವಕ, ಈ ಸೀಮೆಗೆ ಹೊಸಬ. ಬಲಕ್ಕೆ ಗೌಂಡರು. ಗೌಂಡರ ಮನೆಯಲ್ಲೂ ಕೇರಿಯಲ್ಲೂ ಒಲೆಯ ಮುಂದಿನ ಮಾತು ಕನ್ನಡವೇ. ಅಂಗಡಿ, ಶಾಲೆ, ಆಫೀಸಿಗೆ ಹೋದಾಗ ಎಲ್ಲರೂ ತಮಿಳರು. ಈ ಒಂದು ಒಗ್ಗಟ್ಟು ಗೌಂಡರಿಗೆ ಇವತ್ತು ಉಪಯೋಗಕ್ಕೆ ಬಂತು. ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ.

"ಮೈ ತಾಗಿಸ್ಬ್ಯಾಡ, ಅತ್ಲಾಗ್ ಸರಿ" ಎಂದರು ಗೌಂಡರು, ಕ್ಯಾಮರಾದ ಕಡೆ ಮುಗುಳ್ನಗುತ್ತಾ. "ಹಲ್ ಬಿಡೇ ಮುಂಡೆ, ಪೋಟೋ ತೆಗೀತಾವ್ನೆ."

ಈಶ್ವರಿ ಹಲ್ಲು ಬಿಟ್ಟಳು.

"ಏನನ್ನುತ್ತಾರೆ?" ಅಧಿಕಾರಿ ತಮಿಳಿನಲ್ಲಿ ಕೇಳಿದ.

"ಹೊಟ್ಟೆ ತುಂಬಾ ಉಣ್ಣು ತಾಯೀ ಅಂತಾರೆ ಸಾರ್" ಎಂದಳು ಅವಳೂ ತಮಿಳಿನಲ್ಲಿ. ಅಧಿಕಾರಿಗೆ ಸಂತೋಷವಾಯಿತು. ಗೌಂಡರಿಗೆ ಕೆಮ್ಮು ಬಂತು.

ಅನ್ನ ಬಿತ್ತು, ಸಾಂಬಾರು ಬಿತ್ತು. ಅಧಿಕಾರಿ ನಿಜವಾಗಿಯೇ ಹಸಿದಿದ್ದವನಂತೆ ಕಲಸತೊಡಗಿದ. ಗೌಂಡರು ಕಿವಿಗೆ ಫೋನು ಹಚ್ಚಿದರು. ಅವರ ಎಲೆಯ ಮೇಲೆ ಅನ್ನ ಮುಟ್ಟದೆ ಕೂತಿತ್ತು. ಅವರಿಗೂ ಉಳಿದ ಊರಿನವರಿಗೂ ಗುಡಿಯ ಹಿಂದಿನ ಕೋಣೆಯಲ್ಲಿ ಬೇರೆ ಅಡುಗೆ ಕಾದಿತ್ತು.

ಆಗ ಬೀದಿಯ ತಿರುವಿನಲ್ಲಿ ಕೇರಿಯ ಗಂಡಸರು ಕಾಣಿಸಿಕೊಂಡರು. ಅವರ ಹೆಗಲ ಮೇಲೆ ಬಿದಿರು, ಬಿದಿರಿನ ಮೇಲೆ ಕುರ್ಚಿ, ಕುರ್ಚಿಯಲ್ಲಿ ಹೊಸ ಸೀರೆಯುಟ್ಟ ಮಾರಕ್ಕ. ಸೆರಗು ಮುಖದ ಮೇಲೆ, ಕುತ್ತಿಗೆಯಿಂದ ತೊಡೆಯವರೆಗೆ ಸೇವಂತಿಗೆ. ತಮಟೆಗಳು ಹೆಗಲಿಂದ ಸುಮ್ಮನೆ ಜೋತಿದ್ದವು. ಅಳುವಿಲ್ಲ.

ಗೌಂಡರ ಕಿವಿಯಿಂದ ಫೋನು ಇಳಿಯಿತು. "ಎದ್ದೋಗಿ ವಾಪಸ್ ಕಳ್ಸಡೀ," ಹಲ್ಲಿನ ಸಂದಿಯಿಂದ ಹೇಳಿದರು. "ಕೇರಿಗೆ ಬೆಂಕಿ ಇಡ್ತೀನಿ."

ಈಶ್ವರಿ ಒಂದು ತುತ್ತು ಬಾಯಿಗಿಟ್ಟಳು.

ಅಷ್ಟರಲ್ಲಿ ಅಧಿಕಾರಿ ಎದ್ದು ನಿಂತಿದ್ದ. ಅವನ ಊರಿನಲ್ಲಿ ಹೆಣಗಳು ಮಲಗಿಕೊಂಡು ಹೋಗುತ್ತಿದ್ದವು. ಕೂತು ಬರುತ್ತಿರುವುದು ಜೀವವಲ್ಲದೆ ಮತ್ತೇನು? ಹಾರ ಹಾಕಿ, ಹೆಗಲ ಮೇಲೆ ಹೊತ್ತು, ಊರಿನ ಹಿರಿಯಳನ್ನು ಪಂಕ್ತಿಗೆ ಕರೆತರುತ್ತಿದ್ದಾರೆ! ಅವನ ಕಣ್ಣು ಒದ್ದೆಯಾಯಿತು. ಇಂಥದ್ದನ್ನು ಅವನು ಯಾವ ಸಮಾರಂಭದಲ್ಲೂ ನೋಡಿರಲಿಲ್ಲ.

"ವಾಂಗ ಪಾಟ್ಟಿ, ವಾಂಗ!" ಎಂದು ಎಡಗೈಯನ್ನೇ ಎತ್ತಿ ಕರೆದ. "ಅಜ್ಜಿಗೆ ನನ್ನ ಪಕ್ಕದಲ್ಲಿ ಎಲೆ ಹಾಕಿ!"

ಪೂಜಾರಿ ಗೌಂಡರನ್ನು ನೋಡಿದ. ಗೌಂಡರು ಬ್ಯಾನರನ್ನು ನೋಡಿದರು. ಹೆಣ ಎಂದರೆ, ಅದು ಈ ಬೀದಿಯಲ್ಲಿ ಏಕೆ ಹೋಗಬಾರದು ಎಂದು ಅಧಿಕಾರಿ ಕೇಳುತ್ತಾನೆ. ಸುಮ್ಮನಿದ್ದರೆ ಮಾರಿಗುಡಿಯ ಮುಂದೆ ಕೇರಿಯ ಹೆಣ ಊಟಕ್ಕೆ ಕೂರುತ್ತದೆ.

ಎಲೆ ಹಾಕುವವನು ಗೌಂಡರ ಕಡೆ ನೋಡದೆ ಹಾಕಿದ. ಕುಪ್ಪಸಾಮಿ ಕುರ್ಚಿಯನ್ನು ಇಳಿಸಿದ. ಅಧಿಕಾರಿ ತಾನೇ ಬಕೆಟ್ಟು ತೆಗೆದುಕೊಂಡು ಒಂದು ಸೌಟು ಪಾಯಸ ಬಡಿಸಿದ. "ಇನ್ನೊಂದ್ಸಲ ಸಾರ್," ಎಂದ ಫೋಟೋಗ್ರಾಫರು, "ಕಾಲ್ ಮುಟ್ಟಿ ಸಾರ್." ಅಧಿಕಾರಿ ಬಗ್ಗಿ ಮುಟ್ಟಿದ.

ಮುಟ್ಟಿದವನು ಹಾಗೆಯೇ ಇದ್ದ. ಆಗಸ್ಟಿನ ಮಧ್ಯಾಹ್ನದಲ್ಲಿ ಆ ಪಾದ ತಣ್ಣಗೆ ಮರದಂತಿತ್ತು. ನಿಧಾನವಾಗಿ ತಲೆಯೆತ್ತಿ ಸೆರಗಿನ ಅಡಿಯಿಂದ ನೋಡಿದ. ದವಡೆಗೆ ಬಟ್ಟೆ, ಮೂಗಿನಲ್ಲಿ ಹತ್ತಿ.

ಈಶ್ವರಿ ಎದ್ದಳು. ಎಂಜಲು ಕೈಯನ್ನು ಗೌಂಡರ ಮುಂದಿದ್ದ ನೀರಿನ ಚೊಂಬಿನಲ್ಲಿ ತೊಳೆದಳು.

"ಸತ್ತೋಳು ಸಾರ್. ನಮ್ಮತ್ತೆ. ನಮ್ಮಲ್ಲಿ ಕೂತೇ ಹೋಗೋದು. ಈ ಬೀದೀಲಿ ಹೆಣ ಹೋಗಬಾರದು ಅಂತ ಗೌಂಡ್ರು ಹೇಳವ್ರೆ. ನೀವು ಕರೆದ್ರಿ, ಬಂದ್ಲು. ಇನ್ನು ಹೊರಡ್ತಾಳೆ." ಈ ಮಾತನ್ನು ತಮಿಳಿನಲ್ಲಿ ಹೇಳಿದಳು. ಆಮೇಲೆ ಗೌಂಡರ ಕಡೆ ತಿರುಗಿ ಕನ್ನಡದಲ್ಲಿ: "ಕಾಲ್ ಮಡಚ್ಕೊ. ದಾರೀಲಿ ಕೂತಿದೀಯ."

ಅರವತ್ತು ವರ್ಷದಲ್ಲಿ ಕೇರಿಯ ಬಾಯಿಂದ ಏಕವಚನ ಕೇಳದಿದ್ದ ಸುಬ್ಬಯ್ಯನ್ ಗೌಂಡರು ಕಾಲು ಮಡಚಿದರು. ಯಾಕೆ ಮಡಚಿದೆ ಎಂದು ಅವರಿಗೂ ತಿಳಿಯಲಿಲ್ಲ.

ಬಿದಿರು ಹೆಗಲಿಗೇರಿತು. ಪಂಕ್ತಿಯಲ್ಲಿದ್ದ ಕೇರಿಯವರೂ ಎದ್ದು ಹಿಂದೆ ನಡೆದರು. ಗುಡಿ ದಾಟಿತು, ಹಾಲಿನ ಡಿಪೋ ದಾಟಿತು. ತೆಂಗಿನ ತೋಪಿನ ಮೂಲೆಗೆ ಬರುವಾಗ ಹಿಂದೆ ಅಧಿಕಾರಿಯ ಕಾರಿನ ಬಾಗಿಲು ಬಡಿದ ಸದ್ದು ಕೇಳಿತು. ಕಾರು ಹೆದ್ದಾರಿಯ ಕಡೆ ಹೋಯಿತು. ಸುಡುಗಾಡು ಇನ್ನೂ ತೋಪಿನ ಆಚೆ ಇತ್ತು.

ಆಮೇಲೆ ಬೈಕುಗಳು ಒಂದೊಂದಾಗಿ ಸ್ಟಾರ್ಟ್ ಆದವು.

ಹೊತ್ತವರ ಹೆಜ್ಜೆ ತಡವರಿಸಿತು. ಕುಪ್ಪಸಾಮಿ ಹೆಂಡತಿಯ ಮುಖ ನೋಡಿದ.

"ಈಗ ಬಡೀರಿ ತಮಟೆ" ಎಂದಳು ಈಶ್ವರಿ.