ಒಂದೇ ಮನೆಯ ರಕ್ತ

ಕೂರಲು ಕಲಿತಿದ್ದ ಪ್ರಣಮ್ಯಾ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಕೂರುವುದನ್ನು ಮರೆತಳು. ಅಡುಗೆಮನೆಯಲ್ಲಿ ಚಮಚ ಬಿದ್ದರೂ ಬೆಚ್ಚಿ ಕೈಕಾಲು ಸೆಟೆಸುತ್ತಿದ್ದಳು. ತಾಯಿ ಸೌಮ್ಯಶ್ರೀ ಎದುರಿಗೆ ಬಂದು ನಕ್ಕರೆ ಮಗುವಿನ ಕಣ್ಣು ಅವಳನ್ನು ದಾಟಿ ಗೋಡೆಯ ಕಡೆಗೆ ಹೋಗುತ್ತಿತ್ತು. ಗಲ್ಫಿನ ಅಲ್ ಮವಾಲೇಹ್‌ನ ಅವರ ಫ್ಲ್ಯಾಟಿನ ಹತ್ತಿರದ ಕ್ಲಿನಿಕ್ಕಿನವರು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕಣ್ಣಿನ ವೈದ್ಯರು ಬೆಳಕು ಬಿಟ್ಟು ನೋಡಿ, ಕಣ್ಣಿನೊಳಗೆ ಒಂದು ಕೆಂಪು ಚುಕ್ಕೆ ಇದೆ ಎಂದರು. ರಕ್ತ ತೆಗೆಸಿ ಆನುವಂಶಿಕ ಕಾಯಿಲೆಗಳ ವಿಭಾಗಕ್ಕೆ ಹೋಗಲು ಹೇಳಿದರು.

ಆ ವಿಭಾಗದ ಡಾಕ್ಟರ್ ನಝೀರಾ ಮಂಗಳೂರು ಕಡೆಯವರು. ಫಲಿತಾಂಶ ಬಂದ ದಿನ ಕನ್ನಡದಲ್ಲೇ ಮಾತು ತೆಗೆದರು.

“ಇದಕ್ಕೆ ಟೇ-ಸ್ಯಾಕ್ಸ್ ಅಂತ ಹೇಳ್ತಾರೆ. ಮೆದುಳಲ್ಲಿ ಸೇರುವ ಒಂದು ತರದ ಕೊಬ್ಬನ್ನು ಕರಗಿಸುವ ಶಕ್ತಿ ಮಗುವಿಗೆ ಇಲ್ಲ. ನೀವಿಬ್ಬರು ಸಂಬಂಧಿಕರಾ?”

“ಇವಳು ನನ್ನ ಮಾವನ ಮಗಳು,” ಎಂದ ಲತೇಶ್. ಸೌಮ್ಯಶ್ರೀಯ ಅಪ್ಪ ಕೊಗ್ಗ ಮತ್ತು ಲತೇಶನ ಅಮ್ಮ ಕುಸುಮ ಒಡಹುಟ್ಟಿದವರು.

“ನಿಮ್ಮಿಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಉಂಟು. ಒಂದೇ ಇದ್ರೆ ಎಂತದೂ ಆಗುದಿಲ್ಲ, ಗೊತ್ತೂ ಆಗುದಿಲ್ಲ. ಎರಡೂ ಕಡೆಯಿಂದ ಬಂದ್ರೆ ಹೀಗೆ.”

“ಮದ್ದು?” ಸೌಮ್ಯಶ್ರೀ ಕೇಳಿದಳು.

ನಝೀರಾ ಇಲ್ಲವೆಂದು ತಲೆಯಾಡಿಸಿದರು. “ನಾನು ಲಂಡನ್ನಲ್ಲಿ ಕಲಿಯುವಾಗ ಯಹೂದಿ ಕುಟುಂಬಗಳನ್ನು ನೋಡಿದ್ದೆ. ಒಂದು ಕಾಲಕ್ಕೆ ಈ ಕಾಯಿಲೆ ಅವರಲ್ಲಿ ಜಾಸ್ತಿ. ಮದುವೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂತ ಅವರ ಧರ್ಮಗುರುಗಳೇ ಮುಂದೆ ನಿಂತು ಹೇಳಿದ್ರು. ಈಗ ಅವರಲ್ಲಿ ಇಂಥ ಮಗು ಹುಟ್ಟುದೇ ಅಪರೂಪ,” ಎಂದರು.

“ನಮ್ಮಲ್ಲಿ ಯಾಕೆ ಯಾರೂ ಹೇಳುದಿಲ್ಲ ಮೇಡಂ?” ಎಂದಳು ಸೌಮ್ಯಶ್ರೀ.

“ಮಗು ಹೋದ್ರೆ ದೃಷ್ಟಿ ತಾಗಿತು ಅಂತೇವೆ. ರಕ್ತದ ಮಾತೆತ್ತಿದ್ರೆ ಮನೆಯ ಹುಡುಗಿಗೆ ಗಂಡು ಸಿಗುದಿಲ್ಲ ಅಂತ ಹೆದರಿಕೆ. ಆ ಹೆದರಿಕೆ ಯಹೂದಿಗಳಿಗೂ ಇತ್ತು.”

ಲಿಫ್ಟಿನಲ್ಲಿ ಇಳಿಯುವಾಗ ಸೌಮ್ಯಶ್ರೀಗೆ ತಂಗಿ ಅಕ್ಷಯಾಳ ನೆನಪಾಯಿತು. ಅವಳಿಗೂ ಲತೇಶನ ತಮ್ಮ ಶ್ರವಣ್‌ಗೂ ನಿಶ್ಚಿತಾರ್ಥ ಮುಗಿದಿತ್ತು. ಮೇ ತಿಂಗಳಿಗೆ ಮೂಡುಬಿದಿರೆಯಲ್ಲಿ ಮದುವೆ.

“ಅವರಿಬ್ಬರೂ ಪರೀಕ್ಷೆ ಮಾಡಿಸ್ಬೇಕು,” ಎಂದಳು.

“ಊರಿಗೆಲ್ಲ ಸಾರ್ಲಿಕ್ಕುಂಟಾ? ನಮ್ಮ ಮನೆಯ ರಕ್ತವೇ ಕೆಟ್ಟದ್ದು ಅಂತ?” ಲತೇಶ್ ಅವಳ ಮುಖ ನೋಡಲಿಲ್ಲ. “ಖಲಾಸ್. ಈ ವಿಷಯ ಇಲ್ಲಿಗೆ ಸಾಕು.”

ಮಗುವನ್ನು ನೋಡಿಕೊಳ್ಳಲು ವಿಸಿಟ್ ವೀಸಾದಲ್ಲಿ ಬಂದಿದ್ದ ಕುಸುಮ ಮನೆಯಲ್ಲಿದ್ದರು. ಸೊಸೆ ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳುತ್ತಿದ್ದಂತೆ ಅವರು ಮಗುವಿನ ಪಾದ ಹಿಡಿದುಕೊಂಡು ಕೂತೇಬಿಟ್ಟರು.

“ನನಗೆ ಒಬ್ಬಳು ತಂಗಿ ಇದ್ಲು ಸೌಮ್ಯಾ. ಹೀಗೇ. ಕುತ್ತಿಗೆ ನಿಲ್ತಿರಲಿಲ್ಲ, ಕಣ್ಣು ಕಾಣ್ತಿರಲಿಲ್ಲ. ಅವಳು ಹೋದ ಮೇಲೆ ಅಮ್ಮ ಅವಳ ಹೆಸರು ಎತ್ಲಿಕ್ಕೆ ಬಿಡ್ಲಿಲ್ಲ.”

“ನನ್ನ ಮದುವೆ ಮಾತಾಡುವಾಗ ನಿಮಗೆ ಇದು ನೆನಪಾಗ್ಲಿಲ್ವಾ ಅತ್ತೆ?”

“ಅದೊಂದು ಕಾಯಿಲೆ, ಅದಕ್ಕೊಂದು ಹೆಸರುಂಟು ಅಂತ ನನಗೆಂತ ಗೊತ್ತು ಮಗಾ?” ಕುಸುಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಆದರೂ ಅಕ್ಷಯಾ, ಶ್ರವಣ್ ಇಬ್ಬರಿಗೂ ಪರೀಕ್ಷೆ ಮಾಡಿಸುವ ಮಾತಿಗೆ ಅವರು ಒಪ್ಪಲಿಲ್ಲ. “ದೇವರು ಎಲ್ಲರಿಗೂ ಹಾಗೆ ಮಾಡ್ತಾನಾ? ಸುಮ್ಮನಿರು,” ಎಂದರು.

ಸೌಮ್ಯಶ್ರೀ ಸುಮ್ಮನಿರಲಿಲ್ಲ. ಮರುದಿನವೇ ಅಕ್ಷಯಾಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಅಕ್ಷಯಾ ಮಂಗಳೂರಿಗೆ ಹೋಗಿ ರಕ್ತ ಕೊಟ್ಟುಬಂದಳು. ಅವಳಲ್ಲೂ ಆ ಜೀನ್ ಇತ್ತು. ಶ್ರವಣ್‌ಗೆ ಪರೀಕ್ಷೆ ಮಾಡಿಸಲು ಕೇಳಿದಾಗ ಅವನು, “ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಬೇಡ,” ಎಂದು ಫೋನಿಟ್ಟ. ಅಕ್ಷಯಾ ಉಂಗುರ ಹಿಂದಿರುಗಿಸಿದಳು.

ಕೊಗ್ಗ ಮಗಳಿಗೆ ಫೋನ್ ಮಾಡಿ, “ಒಂದು ಮದುವೆ ಮುರಿದಿ, ನನ್ನ ಅಕ್ಕನ ಮನೆಯ ಬಾಗಿಲನ್ನೂ ಮುಚ್ಚಿಸಿದಿ,” ಎಂದರು. ಆಮೇಲೆ ಅವರ ಫೋನ್ ಬರಲಿಲ್ಲ. ಕುಸುಮ ವೀಸಾ ಮುಗಿಯುವ ಮೊದಲೇ ಊರಿಗೆ ಹೊರಟರು. ಲತೇಶ್ ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಬಂದು ಮಗುವಿನ ಮೂಗಿಗೆ ಇಳಿಸಿದ್ದ ನಳಿಕೆಯಲ್ಲಿ ಹಾಲು ಹಾಕುತ್ತಿದ್ದ. ಹೆಂಡತಿಯೊಡನೆ ಬೇಕಾದಷ್ಟೇ ಮಾತು. ಫಿಟ್ಸ್ ಬಂದಾಗ ಮಾತ್ರ ಇಬ್ಬರೂ ಒಟ್ಟಿಗೆ ಮಗುವನ್ನು ಮಗ್ಗುಲಿಗೆ ತಿರುಗಿಸಿ ಹಿಡಿಯುತ್ತಿದ್ದರು. ಡಾಕ್ಟರ್ ನಝೀರಾ ಮುಂದಿನ ಮಗುವಿನ ಮಾತೆತ್ತಿ, ಗರ್ಭದಲ್ಲೇ ಪರೀಕ್ಷಿಸಬಹುದು ಎಂದಾಗ ಲತೇಶ್ ಮಗುವನ್ನು ಎತ್ತಿಕೊಂಡು ಎದ್ದ.

ಪ್ರಣಮ್ಯಾ ಮೂರು ತುಂಬುವ ಮೊದಲೇ ನ್ಯುಮೋನಿಯಾದಿಂದ ತೀರಿಕೊಂಡಳು. ಊರಿನಿಂದ ಯಾರೂ ಬರಲಿಲ್ಲ. ಲತೇಶನ ಆಫೀಸಿನ ನಾಲ್ಕಾರು ಜನ ಬಂದಿದ್ದರು, ಡಾಕ್ಟರ್ ನಝೀರಾ ಬಂದು ದೂರದಲ್ಲಿ ನಿಂತಿದ್ದರು. ಎಲ್ಲರೂ ಹೋದ ಮೇಲೆ ಗಂಡಹೆಂಡತಿ ಸ್ಮಶಾನದ ಗೇಟಿನ ಹೊರಗೆ ಕಾರಿನಲ್ಲಿ ಕೂತರು. ಬಿಸಿಲಿಗೆ ಸ್ಟಿಯರಿಂಗ್ ಮುಟ್ಟಲಾಗುತ್ತಿರಲಿಲ್ಲ.

“ಶ್ರವಣ್ ಪರೀಕ್ಷೆ ಮಾಡಿಸಿದ್ದ,” ಎಂದ ಲತೇಶ್. “ಕಳೆದ ವರ್ಷವೇ. ನನಗೆ ಮಾತ್ರ ಹೇಳಿದ್ದ.”

“ಎಂತ ಬಂತು?”

“ಅವನಿಗೂ ಉಂಟು.”

ಸೌಮ್ಯಶ್ರೀ ಕಿಟಕಿಯ ಕಡೆ ತಿರುಗಿದಳು. ಒಂದು ವರ್ಷ ಅವನು ಇದನ್ನು ಒಳಗಿಟ್ಟುಕೊಂಡು ಅವಳ ಪಕ್ಕದಲ್ಲೇ ಮಲಗಿದ್ದ. ಬೈಯಬೇಕೆನಿಸಿತು. ಬೈಯಲು ಶಕ್ತಿ ಇರಲಿಲ್ಲ.

“ಅತ್ತೆಗೆ ಗೊತ್ತುಂಟಾ? ನನ್ನ ಅಪ್ಪನಿಗೆ?”

“ಇಲ್ಲ.”

“ಹೇಳಿ. ಈಗಲೇ.”

ಅವನು ಅಮ್ಮನ ನಂಬರ್ ಒತ್ತಿದ. ಆ ಕಡೆಯಿಂದ ಕುಸುಮರ ದನಿ ಕೇಳಿದ್ದೇ ಅವನು ಫೋನನ್ನು ಕಿವಿಯಿಂದ ಕೆಳಗಿಳಿಸಿದ. ಸೌಮ್ಯಶ್ರೀ ಅವನ ಕೈಯಿಂದ ಫೋನ್ ತೆಗೆದುಕೊಂಡಳು.

“ಅತ್ತೆ, ನಾನು ಸೌಮ್ಯಾ,” ಎಂದಳು. “ಫೋನ್ ಇಡ್ಬೇಡಿ. ಸ್ವಲ್ಪ ಕೇಳಿ.”