ಚತುರ್ದಶಿಯ ಮೌನ

ಬಂಗ್ರಮಂಜೇಶ್ವರದ ಬಸದಿಯ ಪಕ್ಕದ ಮನೆಯ ವಾಸಪ್ಪನ ಮೌನಕ್ಕೆ ಊರಲ್ಲೆಲ್ಲ ಹೆಸರಿತ್ತು. ಪ್ರತಿ ಚತುರ್ದಶಿಗೆ ಉಪವಾಸ, ಜೊತೆಗೆ ಮರುದಿನದ ಸೂರ್ಯೋದಯದವರೆಗೆ ಬಾಯಿಗೆ ಬೀಗ. ಕೆಲವರು ಮೌನದಲ್ಲೂ ಹುಬ್ಬು ಕುಣಿಸಿ, ಬೆರಳು ತೋರಿಸಿ ಕೆಲಸ ಮಾಡಿಸಿಕೊಳ್ಳುತ್ತಾರೆ. ವಾಸಪ್ಪ ಸನ್ನೆಯನ್ನೂ ಮಾಡುತ್ತಿರಲಿಲ್ಲ. ಹನ್ನೆರಡು ವರ್ಷ ಹೀಗೆ ನಡೆಸಿದ್ದ. ಹೊಗಳುವವರ ಮುಂದೆ ತಲೆ ತಗ್ಗಿಸಿ ಕೂರುವುದು ಅವನಿಗೆ ಇಷ್ಟವೂ ಇತ್ತೆನ್ನಿ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಒಂದು ಚತುರ್ದಶಿಯ ಬೆಳಿಗ್ಗೆ ಎಂದಿನಂತೆ ಮನೆಗೆ ಬೇಕಾದ ನೀರು ಸೇದಿ, ಎರಡು ಪದರದ ಬಟ್ಟೆಯಲ್ಲಿ ಸೋಸಿದ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಬಿಡಬೇಕು. ಮೇಲಿನಿಂದ ಸುರಿಯುವಂತಿಲ್ಲ, ಅವಕ್ಕೆ ಪೆಟ್ಟಾದೀತು. ಬಾವಿಕಟ್ಟೆಯ ಮೇಲಿದ್ದ ತಂಬಿಗೆಗೆ ನೀರು ಹೊಯ್ದು, ಬಟ್ಟೆ ಅಲುಬಿ, ಹಗ್ಗದಲ್ಲಿ ನೀರಿನ ಮಟ್ಟಕ್ಕೆ ಇಳಿಸಿ ಮೆಲ್ಲನೆ ಮಗುಚಿದ. ಆಗ ತಂಬಿಗೆಯಿಂದ ಉಂಗುರವೊಂದು ಹೊಳೆದು ಜಾರಿ ಮುಳುಗಿತು. ಹೆಂಡತಿ ಅಮ್ಮಣ್ಣಿಯದು. ಅರೆಯಲು ಕೂರುವ ಮೊದಲು ಕಳಚಿ ಅದರಲ್ಲಿ ಹಾಕಿದ್ದಳು.

ಮಧ್ಯಾಹ್ನ ಉಂಗುರ ಹುಡುಕುವ ಗಲಾಟೆ ಎದ್ದಿತು. ಭತ್ತ ಕುಟ್ಟುತ್ತಿದ್ದ ಹೆಂಗಸರು ಒನಕೆ ನಿಲ್ಲಿಸಿದರು.

"ತಂಬಿಗೆಯಲ್ಲಿ ಇಟ್ಟದ್ದು. ಬಾವಿಕಟ್ಟೆಗೆ ಹೋದದ್ದು ನೀನೊಬ್ಬಳೇ" ಎಂದು ಅಮ್ಮಣ್ಣಿ ಅವರಲ್ಲೊಬ್ಬಳಾದ ಅಪ್ಪಿಯನ್ನು ಹಿಡಿದುಕೊಂಡಳು. "ಕಳ್ಳಿ."

"ಕಾಲು ತೊಳೀಲಿಕ್ಕೆ ಹೋದದ್ದು ಅಮ್ಮಾ. ಧಣಿಗಳೂ ಅಲ್ಲಿದ್ದರಲ್ಲ, ಅವರನ್ನು ಕೇಳಿ."

ಅಪ್ಪಿ ಜಗಲಿಯತ್ತ ನೋಡಿದಳು. ವಾಸಪ್ಪ ಜಪಮಾಲೆಯತ್ತ ನೋಡಿದ. ಬೆರಳೆತ್ತಿ ಬಾವಿ ತೋರಿಸಿದ್ದರೆ ಮುಗಿಯುತ್ತಿತ್ತು. ವ್ರತವಲ್ಲವೇ, ನಾಳೆ ಹೇಳಿದರಾಯಿತು ಎಂದುಕೊಂಡ. ಅಪ್ಪಿ ಅಳುತ್ತಾ ಮನೆಗೆ ಹೋದಳು.

ಮರುದಿನ ಸೂರ್ಯ ಹುಟ್ಟಿದ, ವಾಸಪ್ಪ ಬಾಯಿ ಬಿಡಲಿಲ್ಲ. ನಿನ್ನೆ ಯಾಕೆ ತೋರಿಸಲಿಲ್ಲ ಎಂದು ಕೇಳಿದರೆ ಏನು ಹೇಳುವುದು? ದಿನ ಕಳೆದಷ್ಟೂ ಮಾತು ಕಷ್ಟವಾಯಿತು. ಬಸದಿಯಲ್ಲಿ ಅಣುವ್ರತಗಳನ್ನು ಹೇಳುವಾಗ ಸತ್ಯ, ಅಚೌರ್ಯ ಬಂದಲ್ಲಿ ನಾಲಿಗೆ ತೊದಲಿತು. ಕದ್ದವನು ನಾನೇ, ಒಬ್ಬಳ ಮಾನವನ್ನೇ ಕದ್ದೆ ಎನಿಸಿತು. ಅನ್ನ ಸೇರಲಿಲ್ಲ. ಅಪ್ಪಿಯನ್ನು ಈಗ ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂದು ಕೇಳಿದ ಮೇಲೆ, ಮುಂದಿನ ಚತುರ್ದಶಿಯ ಹಿಂದಿನ ಸಂಜೆ ಅವಳ ಗುಡಿಸಲಿಗೆ ಹೋದ.

"ಉಂಗುರ ಬಾವಿಗೆ ಬಿದ್ದದ್ದು ಅಪ್ಪೀ. ನನ್ನ ಕೈಯಿಂದಲೇ. ನಾನು ನೋಡಿದ್ದೆ."

ಅಪ್ಪಿ ಚಾಪೆ ಹಾಸಿದಳು. ಆಮೇಲೆ, "ಕೂತ್ಕೊಳ್ಳಿ ಧಣಿ. ಹೊತ್ತು ಮುಳುಗಿದರೆ ನೀವು ನೀರೂ ಮುಟ್ಟುವುದಿಲ್ಲ. ಇನ್ನೂ ಹೊತ್ತು ಉಂಟು, ನಿಮಗೆ ಕುಡೀಬಹುದು" ಎಂದಳು. ಒಗೆದ ಬಟ್ಟೆ ತಂದು, ಎರಡು ಪದರ ಮಾಡಿ ನೀರು ಸೋಸಿಕೊಟ್ಟಳು. ಬಟ್ಟೆಯನ್ನು ಅಲುಬಿ, ನೀರು ತಂದ ಹಿತ್ತಿಲ ಹೊಂಡಕ್ಕೆ ಬಗ್ಗಿ ಮೆಲ್ಲನೆ ಬಿಟ್ಟಳು. ಅವನ ಮನೆಯಲ್ಲಿ ನೋಡಿ ಕಲಿತದ್ದು. ವಾಸಪ್ಪ ಲೋಟವನ್ನು ಕೈಯಲ್ಲೇ ಹಿಡಿದು ಕೂತ.

"ನನ್ನನ್ನು ಕಳ್ಳಿ ಅಂದದ್ದು ಅಂಗಳದಲ್ಲಿ, ನಾಲ್ಕು ಜನರ ಎದುರು" ಎಂದಳು ಅಪ್ಪಿ. "ಇಲ್ಲಿ ನನ್ನ ಕಿವಿಗೆ ಹೇಳಿದರೆ ಎಂತ ಆಯಿತು? ನಾಳೆ ಅವರೆಲ್ಲ ಕುಟ್ಟಲಿಕ್ಕೆ ಬರ್ತಾರೆ. ಆದರೆ ನಾಳೆ ನಿಮಗೆ ಮಾತಿಲ್ಲ ಅಲ್ವಾ?"

"ನಾಳೆ ನೀನೂ ಬಾ" ಎಂದಷ್ಟೇ ಹೇಳಿ ವಾಸಪ್ಪ ಎದ್ದ.

ಮರುದಿನ ಒನಕೆಗಳ ಸದ್ದಿನ ನಡುವೆ ಅವನು ಅಂಗಳಕ್ಕೆ ಇಳಿದ.

"ಉಂಗುರ ಬಾವಿಯಲ್ಲಿ ಉಂಟು. ಹಾಕಿದ್ದು ನಾನು. ಗೊತ್ತಿದ್ದೂ ಸುಮ್ಮನೆ ಕೂತದ್ದು ನಾನು. ಅಪ್ಪಿ ಕದ್ದಿಲ್ಲ."

ಒನಕೆಗಳು ನಿಂತವು. ಬೇರೇನೂ ತೋಚದೆ ಅಮ್ಮಣ್ಣಿ, "ಇವತ್ತು ನಿಮಗೆ ಮೌನ ಅಲ್ವಾ?" ಎಂದಳು.

"ಅದು ಕಳೆದ ಸಲವೇ ಕೆಟ್ಟುಹೋಯಿತು."

ಬೇಲಿಯ ಹೊರಗೆ ನಿಂತಿದ್ದ ಅಪ್ಪಿ, "ಕೇಳಿತು ಧಣಿ" ಎಂದು ಹೇಳಿ ಬಂದ ದಾರಿಯಲ್ಲೇ ತಿರುಗಿ ನಡೆದಳು. ನಾಳೆಯಿಂದ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಬೇಕೆಂದಿದ್ದ ವಾಸಪ್ಪ. ಈಗ ಅಡ್ಡ ಬರಲು ಯಾವ ವ್ರತವೂ ಇರಲಿಲ್ಲ. ಆದರೂ ಬಾಯಿ ಬರಲಿಲ್ಲ.